ಸ್ಕೇಲ್ ಇಟ್ಟು ಅಳೆದರೂ ಹೋಗದ ಕಣ್ಕಟ್ಟು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ನೀವು ಒಂದು ಚಿತ್ರ ಹಾಕಿದ್ದಿರಿ. ರೈಲು ಹಳಿಯ ಚಿತ್ರ. ದೂರ ಹೋದಂತೆ ಎರಡೂ ಹಳಿ ಕೂಡಿಕೊಳ್ಳುವ ಹಾಗೆ ಬರೆದದ್ದು. ಅದರ ಮೇಲೆ ಅಡ್ಡಲಾಗಿ ಎರಡು ದಪ್ಪ ಗೆರೆ. ಒಂದು ಕೆಳಗೆ ಹತ್ತಿರ, ಒಂದು ಮೇಲೆ ದೂರ. ‘ಯಾವ ಗೆರೆ ಉದ್ದ?’ ಎಂದು ಪ್ರಶ್ನೆ. ಉತ್ತರ ಪುಟದ ತಳದಲ್ಲಿ ತಲೆಕೆಳಗಾಗಿ ಇತ್ತು: ‘ಎರಡೂ ಒಂದೇ ಉದ್ದ. ನಿಮ್ಮ ಕಣ್ಣು ನಿಮಗೆ ಮೋಸ ಮಾಡಿತು!’

ನನ್ನ ಮೊಮ್ಮಗಳು ಐದನೇ ಕ್ಲಾಸು. ಇಲ್ಲಿ ಮುಂಬಯಿಯಲ್ಲಿ ಅವಳ ಶಾಲೆಯಲ್ಲಿ ಕನ್ನಡ ಇಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಿಮ್ಮ ಪುರವಣಿಯನ್ನೇ ಮುಂದಿಟ್ಟುಕೊಂಡು ಅವಳಿಗೆ ಓದಿಸುತ್ತೇನೆ. ಚಿತ್ರ ನೋಡಿ ‘ಮೇಲಿನದು ಉದ್ದ’ ಎಂದಳು. ಉತ್ತರ ಓದಿಸಿದೆ. ನಂಬಲಿಲ್ಲ. ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತಂದು ಇಟ್ಟಳು. ಎರಡೂ ಮೂರು ಸೆಂಟಿಮೀಟರ್, ಮೇಲೆ ಎರಡು ಗೀಟು. ಸ್ಕೇಲ್ ತೆಗೆದು ಮತ್ತೆ ನೋಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಕೇಳಿದಳು: ‘ಅಜ್ಜ, ಅಳೆದ ಮೇಲೂ ಮೇಲಿನದೇ ಉದ್ದ ಕಾಣ್ತದಲ್ಲ, ಯಾಕೆ?’

ಆ ಪ್ರಶ್ನೆಗೆ ನಿಮ್ಮ ಪುಟದಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಯಿತು ಅಂತ ದಯವಿಟ್ಟು ಬದಿಗಿಡಬೇಡಿ. ನಮ್ಮೂರು ಗದಗದ ಕಡೆ. ಮುಂಬಯಿ ಲೋಕಲ್‌ನಲ್ಲಿ 24 ವರ್ಷ ಮೋಟರ್‌ಮ್ಯಾನ್ ಆಗಿದ್ದೆ, ಅಂದರೆ ಗಾಡಿ ಓಡಿಸುವವ, ಹೆಚ್ಚಿನ ಕಾಲ ಹಾರ್ಬರ್ ಲೈನಿನಲ್ಲಿ. ನೀವು ಅಚ್ಚು ಹಾಕಿದ ಆ ಚಿತ್ರ ದಿನಾ ನನ್ನ ಕ್ಯಾಬಿನ ಗಾಜಿನ ಹೊರಗೆ ಇರುತ್ತಿತ್ತು.

ಮೊದಲು ಒಂದು ತಿದ್ದುಪಡಿ. ಕಣ್ಣು ಮೋಸ ಮಾಡಲಿಲ್ಲ. ಕಣ್ಣಿನ ಹಿಂದಿನ ಪರದೆಯ ಮೇಲೆ ಎರಡೂ ಗೆರೆ ಒಂದೇ ಅಳತೆಯಲ್ಲೇ ಬಿದ್ದಿವೆ. ಕಣ್ಣು ಅಷ್ಟನ್ನೂ ಸರಿಯಾಗಿ ಒಪ್ಪಿಸಿದೆ. ಆದರೆ ಆ ಪರದೆಯ ಚಿತ್ರ ಚಪ್ಪಟೆ, ಮೇಲಾಗಿ ತಲೆಕೆಳಗು. ಅದರಲ್ಲಿ ದೂರ ಎಂಬುದೇ ಇಲ್ಲ. ಹತ್ತಿರದ ಸಣ್ಣ ವಸ್ತುವೂ ದೂರದ ದೊಡ್ಡ ವಸ್ತುವೂ ಅಲ್ಲಿ ಒಂದೇ ಗಾತ್ರದಲ್ಲಿ ಬೀಳಬಹುದು. ಯಾವುದು ಯಾವುದೆಂದು ಊಹೆ ಮಾಡಬೇಕಾದದ್ದು ಮೆದುಳು. ತಲೆಯ ಹಿಂಭಾಗದಲ್ಲಿ, ನಾವು ದಿಂಬಿಗೆ ಒರಗುವ ಕಡೆ, ನೋಟದ ಕೆಲಸ ಮೊದಲು ನಡೆಯುವ ಜಾಗ ಇದೆ. ಹಳಿ ಕೂಡುತ್ತಾ ಹೋದರೆ ಅದು ದೂರ. ದೂರ ಇದ್ದೂ ಈ ಗೆರೆ ಇಷ್ಟು ದೊಡ್ಡದಾಗಿ ಬಿದ್ದಿದೆ ಎಂದರೆ ಅದು ನಿಜಕ್ಕೂ ದೊಡ್ಡದೇ ಇರಬೇಕು. ಈ ಲೆಕ್ಕ ನಮಗೆ ಗೊತ್ತಾಗುವ ಮೊದಲೇ ಮುಗಿದಿರುತ್ತದೆ. ನೋಡುವುದೆಂದರೆ ನಮ್ಮ ಅರಿವಿಗೆ ಬಾರದೆ ನಡೆಯುವ ಒಂದು ಊಹೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 19ನೇ ಶತಮಾನದಲ್ಲೇ ಬರೆದಿಟ್ಟ. ನಿಮ್ಮ ಹಳಿಯ ಚಿತ್ರಕ್ಕೆ ಇಟಲಿಯ ಮಾರಿಯೊ ಪೊಂಜೊ ಎಂಬಾತನ ಹೆಸರಿದೆ. ಅದಕ್ಕೂ ನೂರು ವರ್ಷ ದಾಟಿದೆ.

ಈ ಊಹೆ ನಮ್ಮನ್ನು ಕಾಯುವುದೇ ಜಾಸ್ತಿ. ಹನ್ನೆರಡು ಡಬ್ಬಿಯ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮ್ ಕಾಲು ಕಿಲೋಮೀಟರ್‌ಗಿಂತ ಉದ್ದ. ಈ ತುದಿಯಲ್ಲಿ ನಿಂತು, ಕೈ ಚಾಚಿ, ಆ ತುದಿಯಲ್ಲಿ ನಿಂತ ಮನುಷ್ಯನನ್ನು ಬೆರಳಿನಲ್ಲಿ ಅಳೆದು ನೋಡಿ. ಒಂದು ಜೋಳದ ಕಾಳಿನಷ್ಟು ಇರುತ್ತಾನೆ. ಆದರೆ ನಮಗೆ ಯಾರಿಗಾದರೂ ಜೋಳದ ಕಾಳು ಕಾಣುತ್ತದೆಯೇ? ಐದೂವರೆ ಅಡಿಯ ಆಳೇ ಕಾಣುತ್ತಾನೆ. ಮೆದುಳು ಆ ಲೆಕ್ಕ ಮಾಡದೇ ಇದ್ದರೆ ನಾವು ರಸ್ತೆಗೆ ಇಳಿಯುವ ಹಾಗೇ ಇರಲಿಲ್ಲ. ನಿಮ್ಮ ಎರಡು ಗೆರೆ ಆ ಒಳ್ಳೆಯ ಅಭ್ಯಾಸವನ್ನೇ ಹಿಡಿದು ಎಡವಿಸುತ್ತವೆ.

ಬಿಸಿಲುಗುದುರೆಯನ್ನೂ ಇದರ ಜೊತೆ ಸೇರಿಸುವವರಿದ್ದಾರೆ. ಅದು ಬೇರೆ. ಮೇ ತಿಂಗಳ ಮಧ್ಯಾಹ್ನ ಮಾನಖುರ್ದ್ ದಾಟಿದ ಮೇಲೆ ಹಳಿಗಳ ನಡುವೆ ನೀರು ನಿಂತ ಹಾಗೆ ಹೊಳೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಬಿಸಿ ಗಾಳಿಯಲ್ಲಿ ಬೆಳಕೇ ಬಾಗಿ ಬರುತ್ತದೆ. ಫೋಟೊ ತೆಗೆದರೆ ಫೋಟೊದಲ್ಲೂ ಬರುತ್ತದೆ. ಆದರೆ ಹುಣ್ಣಿಮೆಯ ಸಂಜೆ ಕಟ್ಟಡಗಳ ಸಂದಿಯಲ್ಲಿ ಏಳುವ ಚಂದ್ರ ತಟ್ಟೆಯಷ್ಟು ದೊಡ್ಡದು ಕಾಣುತ್ತದಲ್ಲ, ಅದರ ಫೋಟೊ ತೆಗೆಯಿರಿ. ಸಣ್ಣ ಚುಕ್ಕಿ. ನಿಮ್ಮ ಪತ್ರಿಕೆಯನ್ನೇ ಸುರುಳಿ ಸುತ್ತಿ ಅದರೊಳಗಿಂದ ನೋಡಿದರೂ ಚಂದ್ರ ಸಣ್ಣದಾಗುತ್ತದೆ. ಸುತ್ತಲಿನ ಕಟ್ಟಡ, ನೆಲ ಮರೆಯಾದ ಕೂಡಲೇ ಮೆದುಳಿನ ಊಹೆ ಬದಲಾಗುತ್ತದೆ. ನಡು ರಾತ್ರಿ ನೆತ್ತಿಯ ಮೇಲೆ ಬಂದ ಚಂದ್ರನ ಅಳತೆಯೂ ಅಷ್ಟೇ, ಸುಮಾರು ಅರ್ಧ ಡಿಗ್ರಿ. ಈ ಅರ್ಧ ಡಿಗ್ರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೆದುಳು ಎಷ್ಟು ತುಂಬಿಕೊಡುತ್ತದೆ ಎಂದು ನೋಡಬೇಕಾದರೆ ಇದೇ ಪುಟದ ಖಾಲಿ ಅಂಚಿನಲ್ಲಿ ಪೆನ್ನಿನಿಂದ ಒಂದು ಗುಣಿಸುವ ಗುರುತು ಹಾಕಿ. ಅದರ ಬಲಕ್ಕೆ ನಾಲ್ಕು ಇಂಚು ದೂರದಲ್ಲಿ ಒಂದು ದಪ್ಪ ಚುಕ್ಕಿ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡಗಡೆಯ ಗುರುತನ್ನೇ ನೋಡುತ್ತಾ ಪತ್ರಿಕೆಯನ್ನು ಮೆಲ್ಲಗೆ ಹತ್ತಿರ ತನ್ನಿ. ಮುಖದಿಂದ ಒಂದು ಅಡಿ, ಒಂದೂಕಾಲು ಅಡಿ ಇರುವಾಗ ಚುಕ್ಕಿ ಮಾಯ! ಚುಕ್ಕಿಯ ಚಿತ್ರ ಆಗ ಬೀಳುವುದು ಕಣ್ಣಿನಿಂದ ಸುಮಾರು ಹತ್ತು ಲಕ್ಷ ನರದ ಎಳೆಗಳು ಒಟ್ಟಾಗಿ ಹೊರಡುವ ಜಾಗದ ಮೇಲೆ. ಅಲ್ಲಿ ಬೆಳಕು ಹಿಡಿಯುವ ಕಣವೇ ಇಲ್ಲ. ಎಲ್ಲರಿಗೂ, ಎರಡೂ ಕಣ್ಣಿನಲ್ಲಿ ಈ ಕುರುಡು ಜಾಗ ಇದೆ. ಆದರೆ ಅಲ್ಲಿ ಕರಿ ತೂತು ಕಾಣುವುದಿಲ್ಲ. ಬಿಳಿ ಕಾಗದವೇ ಕಾಣುತ್ತದೆ. ಸುತ್ತಲಿನದನ್ನು ನೋಡಿ ಮೆದುಳು ಅಲ್ಲಿಗೊಂದು ತೇಪೆ ಹಾಕಿಬಿಡುತ್ತದೆ. ಮೊಮ್ಮಗಳು ಈ ಆಟವನ್ನು ಹತ್ತು ಸಲವಾದರೂ ಆಡಿರಬೇಕು.

ನನ್ನ ಕೆಲಸದಲ್ಲಿ ದಿನವೂ ಆಗುತ್ತಿದ್ದದ್ದು ಇನ್ನೊಂದು. ತುಂಬ ಹೊತ್ತು ಎದುರಿನ ಹಳಿಯನ್ನೇ ನೋಡುತ್ತಾ ಬಂದು ಗಾಡಿ ನಿಲ್ಲಿಸಿದಾಗ, ಎದುರಿನ ಹಳಿ, ಕಂಬ, ಸಿಗ್ನಲ್ ಎಲ್ಲ ಮೆಲ್ಲಗೆ ನನ್ನಿಂದ ದೂರ ಸರಿಯುವ ಹಾಗೆ ಕಾಣುತ್ತಿತ್ತು. ಬ್ರೇಕ್ ಹಾಕಿದೆ. ಗಾಡಿ ನಿಂತಿದೆ. ಆದರೂ ಲೋಕ ಸರಿಯುತ್ತಿದೆ. ಹೊಸದರಲ್ಲಿ ಗಾಬರಿಯಾಗಿ ಕೈ ಮತ್ತೆ ಬ್ರೇಕಿಗೆ ಹೋಗುತ್ತಿತ್ತು. ಜೋಗಕ್ಕೆ ಹೋದವರು ಇದನ್ನು ಮಾಡಿ ನೋಡಬಹುದು. ಬೀಳುವ ನೀರನ್ನೇ ಒಂದು ನಿಮಿಷ ದಿಟ್ಟಿಸಿ, ಆಮೇಲೆ ಪಕ್ಕದ ಬಂಡೆ ನೋಡಿ. ಬಂಡೆ ಮೇಲಕ್ಕೆ ಏರುತ್ತದೆ. ಸ್ಕಾಟ್ಲೆಂಡಿನ ಒಂದು ಜಲಪಾತದ ಮುಂದೆ ರಾಬರ್ಟ್ ಆಡಮ್ಸ್ ಎಂಬಾತ ಇದನ್ನು ಕಂಡು 1834ರಲ್ಲಿ ಬರೆದ. ಕೆಳಗೆ ಹೋಗುವ ಚಲನೆ ಹಿಡಿಯುವ ನರಕೋಶಗಳೇ ಬೇರೆ, ಮೇಲೆ ಹೋಗುವುದನ್ನು ಹಿಡಿಯುವವೇ ಬೇರೆ. ಒಂದು ಗುಂಪು ದಣಿದರೆ ಇನ್ನೊಂದರ ಕೈ ಮೇಲಾಗುತ್ತದೆ.

ಈಗ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ಹಗ್ಗ ಮತ್ತು ಹಾವಿನ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ದೀಪ ತಂದರೆ ಹಾವು ಹೋಗುತ್ತದೆ. ಗೊತ್ತಾದ ಮೇಲೆ ತಪ್ಪು ನಿಲ್ಲುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಆದರೆ ಈ ಎರಡು ಗೆರೆಯ ವಿಷಯದಲ್ಲಿ ದೀಪ ತಂದರೂ ಹಾವು ಹೋಗುವುದಿಲ್ಲ. ಸ್ಕೇಲ್ ಇಟ್ಟು ಅಳೆದು, ಒಂದೇ ಉದ್ದ ಅಂತ ಬಾಯಿಪಾಠ ಮಾಡಿದರೂ ಮೇಲಿನದೇ ಉದ್ದ ಕಾಣುತ್ತದೆ. ನೋಟದ ಲೆಕ್ಕ ಮಾಡುವ ಭಾಗ ತನ್ನ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿಬಿಡುತ್ತದೆ. ನಮ್ಮ ತಿಳಿವಳಿಕೆಯನ್ನು ಅದು ಕೇಳುವುದಿಲ್ಲ. ಇದು ಬರೀ ಮಕ್ಕಳ ಪುಟದ ಆಟವಾಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಮುಂಬಯಿಯಲ್ಲಿ ಇದರಿಂದ ಜೀವ ಹೋಗುತ್ತದೆ.

2004ರ ಜೂನ್. ಮಳೆ ಬಿಟ್ಟ ಒಂದು ಬೆಳಿಗ್ಗೆ. ಕಾಟನ್ ಗ್ರೀನ್ ಬಿಟ್ಟು ಶಿವ್ಡಿ ಕಡೆ ಹೋಗುತ್ತಿದ್ದೆ. ಒಬ್ಬ ಹಳಿಯ ಪಕ್ಕ ನಿಂತಿದ್ದ. ವಯಸ್ಸು ಮೂವತ್ತು ಇರಬಹುದು. ಕೈಯಲ್ಲಿ ಊಟದ ಡಬ್ಬದ ಚೀಲ. ಕಿವಿಯಲ್ಲಿ ಏನೂ ಇರಲಿಲ್ಲ. ಅವಸರವೂ ಕಾಣಲಿಲ್ಲ. ನನ್ನ ಗಾಡಿಯ ಕಡೆ ತಿರುಗಿ ನೋಡಿದ. ನಾನು ಹಾರ್ನ್ ಒತ್ತಿದೆ. ಇನ್ನೊಮ್ಮೆ ನೋಡಿದ. ನೋಡಿ, ಪ್ಯಾಂಟನ್ನು ಸ್ವಲ್ಪ ಮೇಲೆತ್ತಿಕೊಂಡು, ಕೆಸರಿನಲ್ಲಿ ಕಾಲಿಡುವ ಜಾಗ ನೋಡುತ್ತಾ ಹಳಿ ದಾಟಲು ಶುರು ಮಾಡಿದ. ನಡೆದೇ ಹೊರಟ, ಓಡಲಿಲ್ಲ. ನಾನು ಎಮರ್ಜೆನ್ಸಿ ಬ್ರೇಕ್ ಹಾಕಿದೆ. ತುಂಬಿದ ಲೋಕಲ್ ಆ ವೇಗದಲ್ಲಿ ನಿಲ್ಲಬೇಕಾದರೆ ಇನ್ನೂರು ಮೀಟರ್‌ಗಿಂತ ಜಾಸ್ತಿ ಬೇಕು. ಅಷ್ಟು ಜಾಗ ಇರಲಿಲ್ಲ. ಕೊನೆಯ ಕ್ಷಣದಲ್ಲಿ ಮೂರನೇ ಸಲ ತಲೆ ಎತ್ತಿದ. ಆ ಮುಖದಲ್ಲಿ ಇದ್ದದ್ದು ಭಯಕ್ಕಿಂತ ಆಶ್ಚರ್ಯ. ‘ಇಷ್ಟು ಬೇಗ ಹೇಗೆ ಬಂತು?’ ಎಂಬ ಹಾಗೆ.

ಗಾರ್ಡ್‌ಗೆ ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ಮೆಮೊ ಕೊಟ್ಟು, ಗಾಡಿಯನ್ನು ನಾನೇ ಮುಂದೆ ಒಯ್ದೆ. ಹಿಂದೆ ಸಾವಿರಾರು ಜನ ಕೆಲಸಕ್ಕೆ ಹೋಗುವವರಿದ್ದರು. ನಮ್ಮ ಭಾಷೆಯಲ್ಲಿ ಇದಕ್ಕೆ ರನ್‌ಓವರ್ ಎನ್ನುತ್ತಾರೆ. ನನ್ನ ಸರ್ವೀಸಿನಲ್ಲಿ ಇದೊಂದೇ ಅಲ್ಲ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಕೊನೆಯಲ್ಲಿ ‘ನಿರ್ಲಕ್ಷ್ಯದಿಂದ ಹಳಿ ದಾಟುತ್ತಿದ್ದಾಗ’ ಎಂದಿತ್ತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅವನು ಎರಡು ಸಲ ನೋಡಿದ್ದ. ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಿತು.

ಯಾಕೆ ತಪ್ಪಿತು ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಲೋಕಲ್‌ನ ಮುಖ ಹನ್ನೆರಡು ಅಡಿ ಅಗಲ. ನಾನೂರು ಮೀಟರ್ ದೂರದಲ್ಲಿ ಅದು ನಮಗೆ ಎಷ್ಟು ಅಗಲ ಕಾಣುತ್ತದೆ ಗೊತ್ತೇ? ಅರ್ಧ ಡಿಗ್ರಿ. ಅಂದರೆ ಹುಣ್ಣಿಮೆಯ ಚಂದ್ರನಷ್ಟು. ಕೈ ಪೂರ್ತಿ ಚಾಚಿ ಹಿಡಿದರೆ ಕಿರುಬೆರಳಿನ ಉಗುರಿನ ಅರ್ಧ. ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 22 ಮೀಟರ್ ಬರುತ್ತದೆ. ನಾನೂರರಿಂದ ಇನ್ನೂರು ಮೀಟರ್‌ಗೆ ಬರಲು ಒಂಬತ್ತು ಸೆಕೆಂಡ್. ಆ ಒಂಬತ್ತು ಸೆಕೆಂಡಿನಲ್ಲಿ ಅರ್ಧ ಉಗುರು ಒಂದು ಉಗುರಾಗುತ್ತದೆ, ಅಷ್ಟೇ. ನೋಡುವವನಿಗೆ ಗಾಡಿ ಬಹುತೇಕ ನಿಂತಲ್ಲೇ ನಿಂತ ಹಾಗೆ. ಮುಂದಿನ ನಾಲ್ಕೂವರೆ ಸೆಕೆಂಡಿನಲ್ಲಿ ಅದು ಎರಡು ಉಗುರು. ಆಮೇಲಿನ ಎರಡು ಸೆಕೆಂಡಿನಲ್ಲಿ ನಾಲ್ಕು. ಅದರ ಮುಂದಿನ ಒಂದೇ ಸೆಕೆಂಡಿನಲ್ಲಿ ಎಂಟು. ಆಮೇಲೆ ಕಣ್ಣ ತುಂಬ ಗಾಡಿಯೇ. ಅಡ್ಡಲಾಗಿ ಓಡುವ ಗಾಡಿಯ ವೇಗ ಯಾರಿಗಾದರೂ ತಿಳಿಯುತ್ತದೆ. ನೇರ ನಮ್ಮ ಕಡೆಗೇ ಬರುವುದರ ವೇಗ ಕೊನೆಯ ತನಕ ತಿಳಿಯುವುದಿಲ್ಲ.

ಇದರ ಮೇಲೆ ಇನ್ನೊಂದಿದೆ. ದೊಡ್ಡ ವಸ್ತು ಸಣ್ಣದಕ್ಕಿಂತ ನಿಧಾನ ಹೋಗುತ್ತಿರುವ ಹಾಗೆ ಕಾಣುತ್ತದೆ. ಅಮೆರಿಕದ ಲೈಬೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ರೈಲ್ವೆ ಗೇಟುಗಳ ಅಪಘಾತದ ಬಗ್ಗೆ ಬರೆಯುತ್ತಾ ಇದನ್ನು ಹೇಳಿದ್ದರು. ಘಾಟ್ಕೋಪರ್, ಕುರ್ಲಾ ಕಡೆ ಇರುವವರು ತಾರಸಿಗೆ ಹೋಗಿ ನೋಡಿ. ಇಳಿಯಲು ಬರುವ ದೊಡ್ಡ ವಿಮಾನ ಗಾಳಿಯಲ್ಲಿ ತೂಗು ಹಾಕಿದ ಹಾಗೆ ತೇಲುತ್ತದೆ. ಹಿಂದಿನಿಂದ ಬರುವ ಸಣ್ಣ ವಿಮಾನ ಸರ್‍ರನೆ ಹೋದ ಹಾಗೆ ಕಾಣುತ್ತದೆ. ದೊಡ್ಡದರ ವೇಗ ಸಣ್ಣದಕ್ಕಿಂತ ಕಡಿಮೆ ಏನೂ ಇರುವುದಿಲ್ಲ. ಲೋಕಲ್ ಎಷ್ಟು ದೊಡ್ಡದು ಅಂತ ನೆನಪಿಸಿಕೊಳ್ಳಿ. ಎದುರಿಗೆ ಮೋಟರ್ ಸೈಕಲ್ ಬಂದರೆ ಹಿಂದೆ ಸರಿಯುವ ಮನುಷ್ಯ, ಲೋಕಲ್ ಮುಂದೆ ಯಾಕೆ ನಡೆದು ಹೋಗುತ್ತಾನೆ ಎಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ನಮಗೆ ಮೋಟರ್‌ಮ್ಯಾನ್‌ಗಳಿಗೆ ಕಣ್ಣಿನ ಪರೀಕ್ಷೆ ಬಹಳ ಕಟ್ಟುನಿಟ್ಟು. ಅಕ್ಷರದ ಬೋರ್ಡು, ಬಣ್ಣದ ಚುಕ್ಕಿಗಳೊಳಗೆ ಅಂಕಿ ಹುಡುಕುವ ಪುಸ್ತಕ, ಎಲ್ಲ ಇತ್ತು. ನಾನು ಪ್ರತಿ ಸಲವೂ ಪಾಸಾದೆ. ಆ ಡಬ್ಬದ ಚೀಲದ ಯುವಕನನ್ನು ಕೂರಿಸಿದ್ದರೆ ಅವನೂ ಪಾಸಾಗುತ್ತಿದ್ದ ಅಂತ ನನಗನ್ನಿಸುತ್ತದೆ. ಅವನ ಕಣ್ಣಿನಲ್ಲಿ ದೋಷ ಇರಲಿಲ್ಲ. ಎಲ್ಲರ ತಲೆಯೊಳಗೂ ನಡೆಯುವ ಊಹೆಯೇ ಅವನ ತಲೆಯೊಳಗೂ ನಡೆಯಿತು.

ಹಾಗಾದರೆ ಏನು ಮಾಡಬೇಕು? ಬುದ್ಧಿವಾದ ಹೇಳಿದರೆ ಸಾಲದು. ಗೊತ್ತಿದ್ದವರಿಗೂ ಗೆರೆ ಉದ್ದವೇ ಕಾಣುತ್ತದಲ್ಲ. ಕಾಣುವುದನ್ನೇ ಬದಲಾಯಿಸಬೇಕು. ಇದನ್ನು ಮುಂಬಯಿಯಲ್ಲೇ ಮಾಡಿ ನೋಡಿದ್ದಾರೆ. 2010ರ ಸುಮಾರಿಗೆ ವಡಾಲಾದಲ್ಲಿ, ಜನ ದಾಟುವ ಜಾಗದ ಹತ್ತಿರ, ಹಳಿಯ ಕೆಳಗೆ ಅಡ್ಡಲಾಗಿ ಹಾಕಿದ ಕೆಲವು ಸ್ಲೀಪರ್‌ಗಳಿಗೆ ಅಂತರ ಬಿಟ್ಟು ಎದ್ದು ಕಾಣುವ ಹಳದಿ ಬಣ್ಣ ಬಳಿದರು. ಗಾಡಿ ಬರುವಾಗ ಆ ಹಳದಿ ಪಟ್ಟಿಗಳು ಒಂದೊಂದೇ ಅದರ ಅಡಿಗೆ ಮುಚ್ಚಿಹೋಗುತ್ತವೆ. ಬರೀ ಕಪ್ಪು ಕಲ್ಲಿನ ಹಾದಿಯಲ್ಲಿ ಮೆದುಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪಟ್ಟಿ ಇದ್ದರೆ ವೇಗಕ್ಕೆ ಒಂದು ಅಳತೆ ಸಿಗುತ್ತದೆ. ಒಂದೇ ಉದ್ದ ಹಾರ್ನ್ ಬದಲು ನಡುವೆ ಬಿಡುವು ಕೊಟ್ಟು ಚಿಕ್ಕದಾಗಿ ಎರಡು ಸಲ ಊದುವುದನ್ನೂ ಅಲ್ಲಿ ತಂದರು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ನಡುವೆ ನಿಂತು ಮತ್ತೆ ಬಂದರೆ ತಲೆ ಎತ್ತುತ್ತಾರೆ. ಗಾಡಿ ಮೈಮೇಲೆ ಬರುವಾಗ ಮನುಷ್ಯನೊಬ್ಬನ ಮುಖ ಹೇಗಾಗುತ್ತದೆ ಎಂಬ ದೊಡ್ಡ ಫೋಟೊವನ್ನೂ ಹಳಿಯ ಪಕ್ಕ ನಿಲ್ಲಿಸಿದ್ದರು. ಅದರ ಮುಂದೆ ಹಾದುಹೋಗುವಾಗ ನನಗೆ ಪ್ರತಿ ಸಲವೂ ಶಿವ್ಡಿಯ ಆ ಬೆಳಿಗ್ಗೆ ನೆನಪಾಗುತ್ತಿತ್ತು. ಆದರೆ ಹಳದಿ ಸ್ಲೀಪರ್ ಇದ್ದ ಕಡೆ ಜನ ನಿಲ್ಲುವುದನ್ನು, ಹಿಂದೆ ಸರಿಯುವುದನ್ನು ಕ್ಯಾಬಿನಿಂದ ನಾನೇ ಕಂಡಿದ್ದೇನೆ. ಒಂದು ಡಬ್ಬ ಬಣ್ಣಕ್ಕೆ ಅಷ್ಟು ಶಕ್ತಿ ಇದೆ.

ಮುಂಬಯಿಯ ಲೋಕಲ್ ಹಳಿಗಳನ್ನು ದಾಟುವಾಗ ಇವತ್ತಿಗೂ ವರ್ಷಕ್ಕೆ ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಿದ್ದಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಹೋಟೆಲಿನ ಕೆಲಸ ಮುಗಿಸಿ ಅಪರಾತ್ರಿ ಕೋಣೆಗೆ ಹೋಗುವ ಹುಡುಗರು, ಊರಿಂದ ಬಂದು ಎರಡು ತಿಂಗಳೂ ಆಗದವರು. ಅವರಿಗೆ ‘ನಿರ್ಲಕ್ಷ್ಯ ಮಾಡಬೇಡಿ’ ಎಂದರೆ ‘ನಾನು ನೋಡಿಯೇ ದಾಟುತ್ತೇನೆ’ ಎನ್ನುತ್ತಾರೆ. ನಿಜವನ್ನೇ ಹೇಳುತ್ತಾರೆ. ‘ನೋಡಿ ದಾಟಿದರೂ ನಿನ್ನ ಮೆದುಳು ತಪ್ಪು ಲೆಕ್ಕ ಕೊಡುತ್ತದೆ, ನನ್ನದೂ ಹಾಗೇ ಕೊಡುತ್ತದೆ, ಬ್ರಿಜ್ ಹತ್ತು ತಮ್ಮಾ’ ಎಂದು ಹೇಳಬೇಕು. ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಹತ್ತು ನಿಮಿಷ ಕೊಟ್ಟರೆ ನಾನೇ ಬಂದು ಹೇಳುತ್ತೇನೆ. ಚಿತ್ರ, ಸ್ಕೇಲ್ ಎರಡೂ ನನ್ನ ಚೀಲದಲ್ಲಿವೆ.

ನಿಮ್ಮಲ್ಲಿ ಎರಡು ಬೇಡಿಕೆ. ಹಳಿ ದಾಟುವಾಗ ಸತ್ತವರ ಸುದ್ದಿಯಲ್ಲಿ, ಕಾರಣ ಗೊತ್ತಿಲ್ಲದೆ ‘ನಿರ್ಲಕ್ಷ್ಯ’ ಎಂದು ಬರೆಯಬೇಡಿ. ಮನೆಯವರು ಆ ನಾಲ್ಕು ಸಾಲನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಇನ್ನು ಆ ಹಳಿಯ ಚಿತ್ರವನ್ನು ಮತ್ತೆ ಹಾಕಿದರೆ ‘ಕಣ್ಣು ಮೋಸ ಮಾಡಿತು’ ಎಂಬ ಸಾಲು ತೆಗೆದು, ಮಕ್ಕಳು ಮಾಡಿ ನೋಡುವಂಥದ್ದು ಏನಾದರೂ ಕೊಡಿ. ನಾವು ಮಾಡಿದ್ದನ್ನು ಬರೆಯುತ್ತೇನೆ.

ಅದೇ ಭಾನುವಾರ ಸಂಜೆ ಮೊಮ್ಮಗಳನ್ನು ವಿದ್ಯಾವಿಹಾರ್ ಸ್ಟೇಷನ್ನಿನ ಬ್ರಿಜ್ ಮೇಲೆ ಕರೆದುಕೊಂಡು ಹೋದೆ. ಅಲ್ಲಿ ಫಾಸ್ಟ್ ಗಾಡಿಗಳು ನಿಲ್ಲುವುದಿಲ್ಲ, ನೇರ ಹೋಗುತ್ತವೆ. ಕಟಕಟೆಗೆ ಒರಗಿ ನಿಂತು ಕೈ ಚಾಚಿ ಕಿರುಬೆರಳು ಹಿಡಿ ಎಂದೆ. ದೂರದಲ್ಲಿ ಒಂದು ಫಾಸ್ಟ್ ಕಾಣಿಸಿತು. ಅದರ ಮುಖ ಅರ್ಧ ಉಗುರಿನಷ್ಟಾದಾಗ ಎಣಿಸಲು ಶುರು ಮಾಡು ಎಂದೆ. ಜೋರಾಗಿ ಎಣಿಸಿದಳು. ಎಂಟಾದರೂ ಗಾಡಿ ಬಂದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿದಳು. ಎಣಿಸುತ್ತಾ ಇರು ಎಂದೆ. ಹನ್ನೆರಡು ಹೇಳಿದ ಮೇಲೆ ಅವಳ ದನಿ ಬದಲಾಯಿತು. ಹದಿನಾರಕ್ಕೆ ಗಾಡಿ ನಮ್ಮ ಕಾಲ ಕೆಳಗೆ ನುಗ್ಗಿತು, ಬ್ರಿಜ್ ಅದುರಿತು, ಅವಳು ನನ್ನ ತೋಳು ಹಿಡಿದುಕೊಂಡಳು.

‘ಹನ್ನೆರಡರ ತನಕ ಅದು ನಿಂತೇ ಇತ್ತಲ್ಲ ಅಜ್ಜ’ ಎಂದಳು. ಇನ್ನೊಂದು ಗಾಡಿ ಬರಲಿ ಎಂದು ಅಲ್ಲೇ ನಿಂತೆವು.

ನಿಮ್ಮ ಓದುಗ,
ಒಬ್ಬ ನಿವೃತ್ತ ಮೋಟರ್‌ಮ್ಯಾನ್
ತಿಲಕ್ ನಗರ, ಚೆಂಬೂರು, ಮುಂಬಯಿ